ರಾಹುಕಾಲದ ಕಾಲ್‌ಬ್ಯಾಕ್

ನಮ್ಮ ಕಂಪನಿಗೆ ಸ್ವಂತದ್ದೊಂದು ಫ್ರೇಮ್‌ವರ್ಕ್ ಬೇಕು ಎಂದು ನಮ್ಮ ಸರ್ ಅವರಿಗೆ ಯಾಕೆ ಅನ್ನಿಸಿತೋ ನನಗೆ ಇವತ್ತಿಗೂ ಸರಿಯಾಗಿ ಗೊತ್ತಿಲ್ಲ. ಕಂಪನಿ ಎಂದರೆ ಪರ್ಕಳದಲ್ಲಿ ಹಾರ್ಡ್‌ವೇರ್ ಅಂಗಡಿಯ ಮೇಲಿನ ಎರಡು ಕೋಣೆ. ಕೆಳಗೆ ಪೈಪು, ಪೈಂಟು, ಮೊಳೆ, ಮೇಲೆ ನಾವು. ವಿಸಿಟಿಂಗ್ ಕಾರ್ಡಿನಲ್ಲಿ ಮಾತ್ರ ಮಣಿಪಾಲ ಎಂದಿತ್ತು. ಪರ್ಕಳ ಎಂದರೆ ಗಿರಾಕಿಗಳಿಗೆ ಸಾಫ್ಟ್‌ವೇರ್ ನೆನಪಾಗುವುದಿಲ್ಲ ಎಂಬುದು ಸರ್ ಅವರ ಅಭಿಪ್ರಾಯ. ಎರಡು ಸಾವಿರದ ಇಸವಿ ದಾಟಿ ಐದಾರು ವರ್ಷ ಆಗಿದ್ದ ಕಾಲ ಅದು. ಫ್ರೇಮ್‌ವರ್ಕ್ ಎಂದರೆ ವೆಬ್‌ಸೈಟುಗಳನ್ನು ಕಟ್ಟಲು ಮೊದಲೇ ಮಾಡಿಟ್ಟ ಚೌಕಟ್ಟು; ಜಗತ್ತಿನಲ್ಲಿ ಆಗಲೇ ಬೇಕಾದಷ್ಟು ಫ್ರೇಮ್‌ವರ್ಕ್‌ಗಳಿದ್ದವು, ಹೆಚ್ಚಿನವು ಪುಕ್ಕಟೆಯಾಗಿ ಸಿಗುತ್ತಿದ್ದವು. ಪುಕ್ಕಟೆ ಸಿಗುವುದೇ ಅವುಗಳ ದೊಡ್ಡ ದೋಷವಾಗಿ ಸರ್ ಅವರಿಗೆ ಕಂಡಿತ್ತು.

"ಬೇರೆಯವರ ಫ್ರೇಮ್‌ವರ್ಕ್ ಅಂದ್ರೆ ಬಾಡಿಗೆ ಮನೆ ಇದ್ದ ಹಾಗೆ. ಒಂದು ಮೊಳೆ ಹೊಡೀಲಿಕ್ಕೂ ಕೇಳ್ಬೇಕು," ಎಂದರು. ಹೇಳುವಾಗ ಅವರು ಬಾಡಿಗೆ ಕೋಣೆಯಲ್ಲೇ ನಿಂತಿದ್ದರು. ಅವರ ತಲೆಯ ಹಿಂದೆ ತೂಗುತ್ತಿದ್ದ ಕ್ಯಾಲೆಂಡರಿನ ಮೊಳೆಯನ್ನು ಕೆಳಗಿನ ಅಂಗಡಿಯವರನ್ನು ಕೇಳಿಯೇ ಹೊಡೆದದ್ದು.

ನಾನು ಕಾರ್ಕಳದಿಂದ ದಿನವೂ ಬಸ್ಸಿನಲ್ಲಿ ಬರುತ್ತಿದ್ದೆ. ಪಕ್ಕದ ಮೇಜಿನ ಗೆಳತಿ ಕಾಪುವಿನವಳು, ನಮ್ಮ ಕರಾವಳಿಯ ಮುಸ್ಲಿಮರಾದ ಬ್ಯಾರಿಗಳ ಮನೆತನದ ಹುಡುಗಿ. ಕಾಪುವಿನಿಂದ ಉಡುಪಿಗೆ ಒಂದು ಬಸ್ಸು, ಅಲ್ಲಿಂದ ಪರ್ಕಳಕ್ಕೆ ಇನ್ನೊಂದು. ನಾನು ಕೋಡು ಬರೆಯುವುದು, ಅವಳು ಅದನ್ನು ಪರೀಕ್ಷೆ ಮಾಡಿ ತಪ್ಪು ಹುಡುಕುವುದು. ಇಂಥ ಸಂಬಂಧದಲ್ಲಿ ಸ್ನೇಹ ಉಳಿಯುವುದು ಕಷ್ಟ, ನಮ್ಮದು ಉಳಿದಿತ್ತು. ಎರಡು ಬಸ್ಸಿನ ಕಷ್ಟ ಯಾಕೆ ಎಂದು ಅವಳು ಪರ್ಕಳದಲ್ಲೇ ಒಂದು ರೂಮು ಹುಡುಕಿದ್ದಳು. ಗೇಟಿನಲ್ಲಿ ಬೋರ್ಡು ತೂಗುತ್ತಿರುತ್ತಿತ್ತಂತೆ, ಒಳಗೆ ಕರೆದು ಕೋಣೆಯನ್ನೂ ತೋರಿಸುತ್ತಿದ್ದರಂತೆ, ಹೆಸರು ಕೇಳಿದ ಮೇಲೆ ರೂಮು ಆಗಲೇ ಹೋಗಿರುತ್ತಿತ್ತಂತೆ. "ನಮ್ಮ ಹೆಸರು ಕೇಳಿದ ಕೂಡ್ಲೇ ರೂಮಿಗೆ ಕಾಲು ಬರ್ತದೆ ಮಾರಾಯ್ತಿ," ಎಂದು ನಗುತ್ತಿದ್ದಳು. ನಾನೂ ನಗುತ್ತಿದ್ದೆ. ಬೇರೆ ಏನು ಮಾಡಬೇಕೆಂದು ನನಗೆ ತಿಳಿದಿರಲಿಲ್ಲ.

ಫ್ರೇಮ್‌ವರ್ಕಿನಲ್ಲಿ ನನ್ನ ಪಾಲಿಗೆ ಬಂದದ್ದು ಕಾಲ್‌ಬ್ಯಾಕ್‌ಗಳ ವಿನ್ಯಾಸ. ಯಾರೋ ಎಲ್ಲಿಯೋ ಕುಳಿತು ಒಂದು ಪುಟ ಬೇಕೆಂದು ಒತ್ತುತ್ತಾರೆ, ಅದು ರಿಕ್ವೆಸ್ಟ್, ಅಂದರೆ ಕೋರಿಕೆ. ಅದು ನಮ್ಮಲ್ಲಿಗೆ ಬಂದು, ಕೆಲಸ ಮುಗಿಸಿ, ಉತ್ತರ ತೆಗೆದುಕೊಂಡು ಹೊರಟುಹೋಗುವ ತನಕ ಅದಕ್ಕೊಂದು ಆಯುಷ್ಯ, ಕಣ್ಣು ಮಿಟುಕಿಸುವಷ್ಟರದ್ದು. ಆ ಆಯುಷ್ಯದಲ್ಲಿ 'ಈ ಘಟ್ಟ ಬಂದಾಗ ನನ್ನನ್ನು ಕರೆಯಿರಿ' ಎಂದು ಮೊದಲೇ ಹೇಳಿಟ್ಟ ತುಂಡು ಕೋಡುಗಳಿರುತ್ತವೆ, ಅವೇ ಕಾಲ್‌ಬ್ಯಾಕ್‌ಗಳು. ಕೆಲವನ್ನು ಮುಖ್ಯ ಕೆಲಸದ ಮೊದಲು ಕರೆಯಬೇಕು, ಕೆಲವನ್ನು ನಂತರ. ಮದುವೆಮನೆಯಲ್ಲಿ ಬಾಗಿಲಲ್ಲಿ ನಿಂತು ಬಂದವರಿಗೆ ಬೆಲ್ಲ ನೀರು ಕೊಡುವವರು ಮತ್ತು ಊಟ ಆದಮೇಲೆ ಎಲೆ ತೆಗೆದು ಗುಡಿಸುವವರು ಇರುತ್ತಾರಲ್ಲ, ಹಾಗೆ. ನಾವು ಅವರನ್ನು 'ಮೊದಲಿನವರು', 'ನಂತರದವರು' ಎಂದೇ ಕರೆಯುತ್ತಿದ್ದೆವು.

ಮೊದಲಿನವರಿಗೆ ಎಷ್ಟು ಅಧಿಕಾರ ಕೊಡಬೇಕು ಎಂಬುದೇ ನಮ್ಮ ದೊಡ್ಡ ಚರ್ಚೆ. ಬಂದವರನ್ನು ತಡೆಯುವ ಅಧಿಕಾರ ಬೇಕು ಎಂಬುದರಲ್ಲಿ ಭಿನ್ನಾಭಿಪ್ರಾಯವಿರಲಿಲ್ಲ. ನಾನು ಇನ್ನೂ ಒಂದು ಬೇಕೆಂದೆ. ಬಿಡು, ತಡೆ, ಇವೆರಡರ ಜೊತೆಗೆ 'ಕಾಯಿಸು' ಎಂಬ ಮೂರನೆಯ ಉತ್ತರ. ಕೋರಿಕೆಯನ್ನು ಹಿಡಿದಿಟ್ಟುಕೊಂಡು ಸಮಯ ಬಂದಾಗ ಒಳಗೆ ಬಿಡುವುದು. ಮುಂದೇನಾಗುತ್ತದೆಂದು ಕಂಡು ಹೇಳಿದ್ದಲ್ಲ ಇದು. ಎಲ್ಲೋ ಓದಿದ್ದೆ, ಓದಿದ್ದೇನೆ ಎಂದು ನಾಲ್ಕು ಜನರಿಗೆ ಗೊತ್ತಾಗಲಿ ಎಂಬ ಆಸೆಯಿತ್ತು.

ಸರ್ ಒಪ್ಪಲಿಲ್ಲ. "ಫ್ರೇಮ್‌ವರ್ಕ್ ಅಂದ್ರೆ ಸಿಂಪಲ್ ಇರ್ಬೇಕು. ಹೌದು, ಇಲ್ಲ. ಅಷ್ಟೇ. ಮಧ್ಯದ್ದೆಲ್ಲ ಎಂತಕ್ಕೆ?"

"ತಡೆದರೆ ನಂತರದವರನ್ನು ಕರೆಯುವುದಾ ಬೇಡವಾ?" ಎಂದು ಕೇಳಿದೆ. ನಂತರದವರ ಕೆಲಸದಲ್ಲಿ ಮುಖ್ಯವಾದದ್ದು ಯಾರು ಬಂದರು, ಏನು ಕೇಳಿದರು, ಏನಾಯಿತು ಎಂದು ಬರೆದಿಡುವುದು.

"ಒಳಗೇ ಬಾರದವನ ಹಿಂದೆ ಗುಡಿಸುವುದೆಂತ?" ಎಂದರು ಸರ್. ಆ ಮಾತು ಅವರಿಗೇ ಎಷ್ಟು ಹಿಡಿಸಿತೆಂದರೆ, ಬಿಳಿ ಬೋರ್ಡಿನ ಮೇಲೆ ಬರೆದು ಅಡಿಗೆರೆ ಹಾಕಿದರು. ಬೋರ್ಡಿನ ಉಳಿದದ್ದೆಲ್ಲ ಎಷ್ಟೋ ಸಲ ಅಳಿಸಿಹೋಯಿತು, ಆ ಸಾಲಿಗೆ ಯಾರೂ ಕೈ ಹಚ್ಚಲಿಲ್ಲ.

ಫ್ರೇಮ್‌ವರ್ಕಿಗೆ ಮೊದಲ ಗಿರಾಕಿಯೂ ಸಿಕ್ಕಿದರು: ಸರ್ ಅವರ ಸೋದರಮಾವ. ಕಾಪುವಿನ ಹೆದ್ದಾರಿ ಪಕ್ಕ ಅವರದ್ದೊಂದು ಮದುವೆ ಹಾಲ್ ಇತ್ತು. ಸುತ್ತಿನಲ್ಲಿ ಅಷ್ಟು ದೊಡ್ಡದು ಬೇರೆ ಇರಲಿಲ್ಲ. ಗಲ್ಫಿನಲ್ಲಿ, ಮುಂಬೈಯಲ್ಲಿ ಇರುವವರು ಅಲ್ಲಿಂದಲೇ ಹಾಲ್ ಕಾದಿರಿಸುವಂತಾದರೆ ಮಾವನಿಗೂ ಒಳ್ಳೆಯದು, ಫ್ರೇಮ್‌ವರ್ಕಿಗೂ ಹೆಸರು ಎಂದು ಸರ್ ಲೆಕ್ಕ ಹಾಕಿದ್ದರು. ನಮ್ಮ ಕಡೆ ಅಪ್ಪನ ಹತ್ತಿರವಾದರೂ ವಾದ ಮಾಡಬಹುದು, ಸೋದರಮಾವನ ಮಾತೆಂದರೆ ಮುಗಿಯಿತು. ಆದ್ದರಿಂದ ಮಾವ ಏನು ಹೇಳುತ್ತಾರೆಂದು ಕೇಳಿ ಬರಲು ನಾವು ಮೂವರೂ ಕಾಪುವಿಗೆ ಹೋದೆವು.

ಮಾವ ಹಾಲ್‌ನ ಎದುರಿನ ಸಣ್ಣ ಕೋಣೆಯಲ್ಲಿ ಒಂದು ಮೇಜು, ಒಂದು ಫ್ಲಾಸ್ಕು ಇಟ್ಟುಕೊಂಡು ಕುಳಿತಿರುತ್ತಿದ್ದರು. ನಾವು ಮಾತಾಡುತ್ತಿರುವಾಗಲೇ ಇನ್ನಂಜೆಯಿಂದ ಒಬ್ಬರು ಹಿರಿಯರು ಮಗಳ ನಿಶ್ಚಿತಾರ್ಥಕ್ಕೆ ಹಾಲ್ ಕೇಳಿಕೊಂಡು ಬಂದರು. ಮಾವ ಗೋಡೆಯ ಗಡಿಯಾರ ನೋಡಿದರು, ಕ್ಯಾಲೆಂಡರ್ ನೋಡಿದರು. "ಬನ್ನಿ, ಮೊದಲು ಕೂತ್ಕೊಳ್ಳಿ," ಎಂದು ತುಳುವಿನಲ್ಲಿ ಹೇಳಿದರು. "ಇಷ್ಟು ದೂರದಿಂದ ಬಂದಿದ್ದೀರಿ, ಚಾ ಕುಡಿಯದೆ ಬರೆಯುವುದೆಂತ?" ಚಾ ಬಂತು. ಎದುರಿನ ಹೋಟೆಲಿನಿಂದ ಗೋಳಿಬಜೆ ಬಂತು. ಗದ್ದೆ ನಾಟಿಯ ಸುದ್ದಿ, ಹುಡುಗನ ಮನೆಯವರ ಸುದ್ದಿ, ಆ ಮನೆಯವರಿಗೂ ಮಾವನಿಗೂ ಎಲ್ಲಿಂದ ಸಂಬಂಧ ಕೂಡಿಬರುತ್ತದೆ ಎಂಬ ಸುದ್ದಿ. ಹಿರಿಯರು ಎದ್ದು ಹೊರಡಲು ನೋಡಿದಾಗೆಲ್ಲ ಇನ್ನರ್ಧ ಲೋಟ ಚಾ. ಕೊನೆಗೆ ಮಾವ ಗಡಿಯಾರವನ್ನು ಇನ್ನೊಮ್ಮೆ ನೋಡಿ, ಪೆನ್ನು ತೆಗೆದು, "ಹಾಂ, ಈಗ ಬರೆಯುವ," ಎಂದರು.

ಅವರು ಹೋದ ಮೇಲೆ ನಮ್ಮ ಕಡೆ ತಿರುಗಿದರು. "ರಾಹುಕಾಲ ಇತ್ತು. ರಾಹುಕಾಲದಲ್ಲಿ ನಾನು ಮದುವೆಯ ಬುಕಿಂಗ್ ಬರೆಯುವುದಿಲ್ಲ. ಯಾವ ಜಾತಿಯವರು ಬರಲಿ, ಬರೆಯುವುದಿಲ್ಲ. ಮುಂದೆ ಸಂಸಾರದಲ್ಲಿ ಹೆಚ್ಚುಕಡಿಮೆ ಆದರೆ ನನ್ನ ಕೈಯಿಂದ ಆದ ಹಾಗೆ ಆಗುತ್ತದೆ. ನಿಮ್ಮ ಕಂಪ್ಯೂಟರಿಗೂ ಅದನ್ನು ಹೇಳಿಬಿಡಿ."

ಹಿಂದಿರುಗುವ ಬಸ್ಸಿನಲ್ಲಿ ಗೆಳತಿಗೆ ನಗು ತಡೆಯಲಿಲ್ಲ. ಅವಳ ಅಕ್ಕನ ಮದುವೆಗೆ ಅವಳ ಅಪ್ಪ ಕಾದಿರಿಸಿದ್ದು ಇದೇ ಹಾಲ್. "ಎಂಥಾ ಮರ್ಯಾದಸ್ಥರು ಗೊತ್ತುಂಟಾ, ಗಂಟೆಗಟ್ಲೆ ಕೂರಿಸಿ ಚಾ ಕೊಟ್ರು, ತಿಂಡಿ ಕೊಟ್ರು, ಬೇಡ ಅಂದ್ರೂ ಬಿಡ್ಲಿಲ್ಲ ಅಂತ ಅಪ್ಪ ಸಾಯುವ ತನಕ ಹೇಳ್ತಿದ್ರು. ರಾಹುಕಾಲ ಕಳೀಲಿಕ್ಕೆ ಕೂರಿಸಿದ್ದಾ ಮಾರಾಯ್ತಿ!" ಅಪ್ಪ ತೀರಿಕೊಂಡ ಮೇಲೆ ಮನೆಯ ಹಿರಿತನ ಗಲ್ಫಿನಲ್ಲಿದ್ದ ಅಣ್ಣನ ಮೇಲೆ ಬಿದ್ದಿತ್ತು. ಅವನಿಗೂ ಈ ಚಾದ ಕಥೆ ಬಾಯಿಪಾಠವಂತೆ. ಅದು ರಾಹುಕಾಲದ ಚಾ ಎಂದು ಕೇಳಿದರೆ ಎಷ್ಟು ನಗುತ್ತಾನೋ ಎಂದಳು. ಆದರೂ ಆ ಸಲ ಅವನಿಗೆ ಹೇಳಲಿಲ್ಲ, ಅಪ್ಪನ ಒಂದು ಸಂತೋಷವನ್ನು ಯಾಕೆ ಹಾಳುಮಾಡುವುದು ಎಂದು.

ರಾಹುಕಾಲವನ್ನು ನಾನೇ ಬರೆದೆ. ಅದೊಂದು 'ಮೊದಲಿನವರ' ಕಾಲ್‌ಬ್ಯಾಕ್. ವಾರದ ಯಾವ ದಿನ ಯಾವ ಹೊತ್ತು ಎಂದು ಕ್ಯಾಲೆಂಡರ್ ನೋಡಿಕೊಂಡು ತುಂಬಿದೆ. ಗಲ್ಫಿನವರಿಗೆ ಗಲ್ಫಿನ ರಾಹುಕಾಲವೋ ಕಾಪುವಿನ ರಾಹುಕಾಲವೋ ಎಂಬ ಪ್ರಶ್ನೆ ಹುಟ್ಟಿತು. ಸರ್ ಊಟ ಬಿಟ್ಟು ಯೋಚಿಸಿ, ಹಾಲ್ ಇರುವುದು ಕಾಪುವಿನಲ್ಲಿ, ಆದ್ದರಿಂದ ರಾಹುವೂ ಕಾಪುವಿನವನೇ ಎಂದು ತೀರ್ಪು ಕೊಟ್ಟರು. ಅದರಲ್ಲಿ ತಪ್ಪು ಹುಡುಕಲು ನನಗೆ ಈಗಲೂ ಆಗುವುದಿಲ್ಲ.

ತೊಂದರೆ ಇದ್ದದ್ದು ಬೇರೆ ಕಡೆ. ಮಾವ ಬಂದವರನ್ನು ಕೂರಿಸುತ್ತಿದ್ದರು. ನಮ್ಮ ಕಾಲ್‌ಬ್ಯಾಕಿಗೆ ಕೂರಿಸಲು ಬರುತ್ತಿರಲಿಲ್ಲ. ಅದಕ್ಕೆ ಗೊತ್ತಿದ್ದದ್ದು ಹೌದು, ಇಲ್ಲ, ಅಷ್ಟೇ. ಆದ್ದರಿಂದ ರಾಹುಕಾಲದಲ್ಲಿ ಬಂದವರಿಗೆ ಅದು ಇಲ್ಲ ಎಂದಿತು. ಯಾಕೆ ಇಲ್ಲ ಎಂದು ಹೇಳೋಣವೆಂದರೆ ಸರ್ ಅವರಿಗೆ ನಾಚಿಕೆ. "ಮಣಿಪಾಲದ ಸಾಫ್ಟ್‌ವೇರ್ ಕಂಪನಿ ರಾಹುಕಾಲ ನೋಡ್ತದೆ ಅಂತ ಹೊರಗೆ ಗೊತ್ತಾದ್ರೆ ಮರ್ಯಾದೆ ಎಂತ ಉಳೀತದೆ? ಮರ್ಯಾದೆಯ ಒಂದು ಸಾಲು ಹಾಕು, ಸಾಕು." ಮರ್ಯಾದೆಯ ಸಾಲನ್ನು ಇಂಗ್ಲಿಷಿನಲ್ಲಿ ಅವರೇ ಬರೆದುಕೊಟ್ಟರು. ತಮ್ಮ ಕೋರಿಕೆಯನ್ನು ಸ್ವೀಕರಿಸಲು ವಿಷಾದಪೂರ್ವಕವಾಗಿ ಅಸಮರ್ಥರಾಗಿದ್ದೇವೆ ಎಂದು ಅದರ ಅರ್ಥ. ಅದರ ಮೇಲೆ 'ಪ್ರಿಯ' ಎಂಬ ಪದ ಮತ್ತು ಬಂದವರ ಪೂರ್ತಿ ಹೆಸರು. ಹೆಸರು ಹಿಡಿದು ಕರೆದರೆ ಆತ್ಮೀಯತೆ ಇರುತ್ತದೆ ಎಂದು ಅವರು ಎಲ್ಲೋ ಓದಿದ್ದರು. ನಮ್ಮ ಆಫೀಸಿನಲ್ಲಿ ಎಲ್ಲರೂ ಎಲ್ಲೋ ಏನೋ ಓದಿಕೊಂಡವರೇ.

ಇಷ್ಟಾದ ಮೇಲೆ ಇನ್ನೊಂದು ಪೇಚು. ರಾಹುಕಾಲ ಬಂದಾಗ ಗೆಳತಿಗೂ ಆ ಪುಟ ಬಾಗಿಲು ಹಾಕಿಕೊಂಡು ಕೂರುತ್ತಿತ್ತು. ಅವಳ ಪರೀಕ್ಷೆ ನಿಲ್ಲುತ್ತಿತ್ತು, ನಾವಿಬ್ಬರೂ ಚಾ ಕುಡಿಯಲು ಇಳಿಯುತ್ತಿದ್ದೆವು. ಮೊದಲ ದಿನ ಸರ್ ನಕ್ಕರು. ಎರಡನೆಯ ದಿನ, ನಮ್ಮ ಆಫೀಸಿನ ಕಂಪ್ಯೂಟರುಗಳಿಂದ ಬರುವ ಕೋರಿಕೆಗೆ ರಾಹುಕಾಲದಿಂದ ವಿನಾಯಿತಿ ಕೊಡಲು ಹೇಳಿದರು. ಕೊಟ್ಟೆ. ಅಂದಿನಿಂದ ಜಗತ್ತಿಗೆಲ್ಲ ರಾಹುಕಾಲ ಬರುತ್ತಿತ್ತು, ಪರ್ಕಳದ ಹಾರ್ಡ್‌ವೇರ್ ಅಂಗಡಿಯ ಮಹಡಿಗೆ ಮಾತ್ರ ಬರುತ್ತಿರಲಿಲ್ಲ.

ಸೈಟು ಶುರುವಾಯಿತು. ಮಾವನ ಮೇಜಿನ ಮೇಲೊಂದು ಕಂಪ್ಯೂಟರ್ ಬಂತು. ಮಾವ ಮೊದಲಿನಂತೆ ಬುಕಿಂಗ್ ಬರೆದುಕೊಳ್ಳಬಾರದು, ಎಲ್ಲ ಸೈಟಿನಲ್ಲೇ ಆಗಬೇಕು, ಇಲ್ಲದಿದ್ದರೆ ಒಂದೇ ದಿನಕ್ಕೆ ಎರಡು ಮದುವೆ ಬೀಳುತ್ತದೆ ಎಂದು ಸರ್ ಕಟ್ಟುನಿಟ್ಟು ಮಾಡಿದರು. ಮಾವ ಫ್ಲಾಸ್ಕಿನ ಪಕ್ಕ ಸುಮ್ಮನೆ ಕುಳಿತಿರುತ್ತಿದ್ದರು.

ಅದೇ ಸಮಯಕ್ಕೆ ಗೆಳತಿಗೆ ಮದುವೆ ನಿಶ್ಚಯವಾಯಿತು. ಅಣ್ಣನಿಗೆ ರಜೆ ಸಿಕ್ಕುವುದು ಮೇ ತಿಂಗಳಲ್ಲಿ ಒಂದೇ ವಾರ; ಆ ವಾರದ ಭಾನುವಾರಕ್ಕೆ ಎರಡೂ ಮನೆಯವರು ಒಪ್ಪಿದ್ದರು. ಹಾಲ್ ಮಾವನದ್ದೇ ಎಂಬುದರಲ್ಲಿ ಮಾತೇ ಇರಲಿಲ್ಲ. ಅಪ್ಪ ಒಂದು ಮಗಳನ್ನು ಕೊಟ್ಟ ಹಾಲ್‌ನಲ್ಲೇ ತಾನು ಎರಡನೆಯವಳನ್ನು ಕೊಡಬೇಕು ಎಂದು ಅಣ್ಣ ಹೇಳಿದನಂತೆ. ಹಾಲ್ ತಾನೇ ಕಾದಿರಿಸುತ್ತೇನೆ, ಅದೂ ತಂಗಿ ಕೆಲಸ ಮಾಡಿದ ಸೈಟಿನಿಂದ, ಅದರಲ್ಲಿ ಯಾರೂ ಕೈ ಹಾಕಬಾರದು ಎಂದನಂತೆ. ಇದನ್ನು ಹೇಳುವಾಗ ಅವಳ ಮುಖ ನೋಡಬೇಕಿತ್ತು. ಸೈಟು ಬರೆದದ್ದು ನಾನು, ಆದರೆ ಅದಕ್ಕೆ ಹೆಮ್ಮೆಪಟ್ಟುಕೊಳ್ಳಲು ಒಬ್ಬ ಅಣ್ಣ ಇದ್ದದ್ದು ಅವಳಿಗೆ.

ಆ ಭಾನುವಾರ ಸೈಟಿನಲ್ಲಿ ಹಸಿರಾಗಿಯೇ ಇತ್ತು. ಹಸಿರು ಎಂದರೆ ಖಾಲಿ. ಅವಳು ದಿನವೂ ಕೆಲಸ ಶುರುಮಾಡುವ ಮೊದಲು ಅದನ್ನು ನೋಡುತ್ತಿದ್ದಳು. ವಾರಗಳು ಕಳೆದರೂ ಅದು ಹಸಿರೇ. ಅಣ್ಣನನ್ನು ಕೇಳಿದರೆ "ನೋಡುವ" ಎನ್ನುತ್ತಿದ್ದ. ಇನ್ನೊಮ್ಮೆ ಕೇಳಿದರೆ "ಆಗ್ತದೆ" ಎನ್ನುತ್ತಿದ್ದ. ಆಮೇಲೆ ಒಂದು ದಿನ ತಾಯಿಗೆ ಫೋನ್ ಮಾಡಿ, ಹಾಲ್ ಬೇಡ, ಮನೆಯ ಅಂಗಳದಲ್ಲೇ ಶಾಮಿಯಾನ ಹಾಕುವ ಎಂದುಬಿಟ್ಟ. ಅವರ ಅಂಗಳ ನಾನು ನೋಡಿದ್ದೆ. ಬಾವಿ, ತೆಂಗಿನಮರ, ಬಟ್ಟೆ ಒಗೆಯುವ ಕಲ್ಲು ಕಳೆದರೆ ನಾಲ್ಕು ಮಂಚ ಹಾಕುವಷ್ಟು ಜಾಗ. ತಾಯಿ ಅತ್ತರು. ಅಲ್ಲಿ ಎರಡು ಊರಿನ ಜನ ಎಲ್ಲಿ ಕೂರುವುದು, ಹುಡುಗನ ಕಡೆಯವರು ಎಂತ ಹೇಳುವುದು ಎಂದರು. ಗೆಳತಿಯೇ ನಮ್ಮ ಆಫೀಸಿನಿಂದ ಒಂದು ಗುಂಡಿ ಒತ್ತಿದ್ದರೆ ಹಾಲ್ ಅವರದ್ದಾಗುತ್ತಿತ್ತು. ಆದರೆ ಅಣ್ಣ ತಾನು ಮಾಡುತ್ತೇನೆ ಎಂದದ್ದನ್ನು ಅವನನ್ನು ದಾಟಿ ಮಾಡುವುದು ಹೇಗೆ? ಅಪ್ಪನಿಲ್ಲದ ಮನೆಯಲ್ಲಿ ಅದು ಸಣ್ಣ ವಿಷಯವಲ್ಲ. ಅವಳು ಒಂದು ಇಮೇಲ್ ಬರೆದಳು: ಆ ದಿನ ಇನ್ನೂ ಖಾಲಿ ಉಂಟು, ನೀನು ಬೇಡ ಅನ್ನುವುದು ಯಾಕೆ, ನನಗೆ ಕಾರಣ ಹೇಳು.

ಆ ಶುಕ್ರವಾರ ಆಫೀಸಿನ ಫೋನು ಬಡಿಯಿತು. ಗಲ್ಫಿನಿಂದ ಅವಳ ಅಣ್ಣ. ಆಫೀಸಿಗೆ ಅವನು ಫೋನ್ ಮಾಡಿದ್ದು ಅದೇ ಮೊದಲು. ಇಬ್ಬರೂ ಬ್ಯಾರಿ ಭಾಷೆಯಲ್ಲಿ ಮಾತಾಡಿದರು. ನನಗೆ ಅರ್ಧ ತಿಳಿಯಿತು, ಉಳಿದರ್ಧ ಅವಳು ಆಮೇಲೆ ಹೇಳಿದ್ದು.

ಅವನಿಗೆ ವಾರದ ರಜೆ ಶುಕ್ರವಾರ ಮಾತ್ರ. ಬೆಳಿಗ್ಗೆ ಕಂಪನಿಯ ವ್ಯಾನು ಪೇಟೆಗೆ ಬಿಟ್ಟು, ಜುಮಾ ನಮಾಜಿಗೆ ಮೊದಲು ವಾಪಸು ಕರೆದುಕೊಂಡು ಹೋಗುತ್ತದೆ. ಆ ನಡುವೆ ಅವನು ಇಂಟರ್‌ನೆಟ್ ಅಂಗಡಿಗೆ ಹೋಗುತ್ತಿದ್ದ. ಪ್ರತಿ ಶುಕ್ರವಾರ ಅಲ್ಲಿ ಕುಳಿತು ಆ ಭಾನುವಾರವನ್ನು ಒತ್ತಿದ್ದ. ಪ್ರತಿ ಸಲವೂ ಸೈಟು ದಿನ ಖಾಲಿ ಇದೆ ಎಂದು ತೋರಿಸುತ್ತಿತ್ತು, ಹೆಸರು ಕೇಳುತ್ತಿತ್ತು, ಹೆಸರು ಬರೆದು ಒತ್ತಿದ ಮೇಲೆ ಅದೇ ಹೆಸರು ಹಿಡಿದು ಪ್ರೀತಿಯಿಂದ ಕರೆದು ಇಲ್ಲ ಎನ್ನುತ್ತಿತ್ತು. ಈಗಲೂ ಅಂಗಡಿಯಲ್ಲೇ ಕುಳಿತಿದ್ದ, ಅವಳ ಇಮೇಲ್ ಓದಿ ಇನ್ನೊಮ್ಮೆ ಪ್ರಯತ್ನಿಸಿದ್ದ, ಇನ್ನೊಮ್ಮೆ ಇಲ್ಲ ಎನ್ನಿಸಿಕೊಂಡು ಫೋನ್ ಮಾಡಿದ್ದ.

"ಇಲ್ಲಿ ತೆರೀತಾ ಉಂಟಲ್ಲ ಅಣ್ಣ, ನನಗೆ ಕಾಣ್ತಾ ಉಂಟು," ಎಂದಳು ಅವಳು. ಎದುರಿನ ಪರದೆಯಲ್ಲಿ ಅದೇ ಭಾನುವಾರವನ್ನು ಒತ್ತಿ, ಮುಂದಿನ ಪುಟಕ್ಕೂ ಹೋಗಿದ್ದಳು.

"ನೀನು ಅಲ್ಲಿ ಕೆಲಸದಲ್ಲಿ ಇರುವವಳು. ನಿನಗೆ ಕೊಟ್ಟಾರು," ಎಂದನಂತೆ. "ನನಗೆ ಹೆಸರು ಕೇಳುವ ತನಕ ದಿನ ಖಾಲಿ ಇತ್ತು. ಅಪ್ಪನನ್ನು ಕೂರಿಸಿ ಚಾ ಕೊಟ್ಟವರು ಅವರು. ಕಾಲ ಹೀಗೆ ಆಯ್ತು, ಅವರನ್ನು ದೂರಿ ಎಂತ ಪ್ರಯೋಜನ? ನಿನಗೆ ಬೇಜಾರಾಗ್ತದೆ ಅಂತ ಹೇಳದೆ ಕೂತಿದ್ದೆ."

ಅವಳು ಏನೋ ಹೇಳಲು ಹೊರಟವಳು ನಿಲ್ಲಿಸಿದಳು. ಗೋಡೆಯ ಗಡಿಯಾರ ನೋಡಿದಳು, ಅದರ ಪಕ್ಕದ ಕ್ಯಾಲೆಂಡರ್ ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ರಿಸೀವರಿನ ಬಾಯಿಗೆ ಕೈ ಅಡ್ಡ ಹಿಡಿದು, "ಈಗ ರಾಹುಕಾಲ ಅಲ್ವಾ?" ಎಂದಳು.

ಹೌದು. ಶುಕ್ರವಾರ ಹತ್ತೂವರೆಯಿಂದ ಹನ್ನೆರಡು. ಅಲ್ಲಿಯ ಗಡಿಯಾರ ನಮ್ಮದಕ್ಕಿಂತ ಒಂದೂವರೆ ಗಂಟೆ ಹಿಂದೆ. ಅಂಗಡಿ ಬಾಗಿಲು ತೆರೆದು ಅವನು ಕೂರುವ ಹೊತ್ತಿಗೆ ಕಾಪುವಿನಲ್ಲಿ ರಾಹು ಸರಿಯಾಗಿ ಬಂದು ಕೂರುತ್ತಿದ್ದ, ವ್ಯಾನು ಹೊರಡುವ ಹೊತ್ತಿಗೆ ಎದ್ದು ಹೋಗುತ್ತಿದ್ದ.

ಅವಳಿಗೆ ಮೊದಲು ನಗು ಬಂತು. ನಗುತ್ತಲೇ ಎಲ್ಲ ವಿವರಿಸಿದಳು: ರಾಹುಕಾಲ, ಅಪ್ಪನ ಚಾ, ನಮ್ಮ ಕಾಲ್‌ಬ್ಯಾಕ್, ಆಫೀಸಿಗೆ ಅದು ಯಾಕೆ ತಾಗುವುದಿಲ್ಲ ಎಂಬುದು. ಆಮೇಲೆ ಅವನು ಹೇಳಿದ್ದನ್ನು ಕೇಳಿ ಅವಳ ನಗು ನಿಂತಿತು. ಫೋನ್ ಇಟ್ಟಳು. ಎಂತ ಹೇಳಿದ ಎಂದು ಕೇಳಿದೆ.

"ಕಂಪ್ಯೂಟರ್ ರಾಹುಕಾಲ ನೋಡ್ತದಾ ಅಂತ ಕೇಳಿದ," ಎಂದಳು. "ನಿನ್ನ ಯಜಮಾನರನ್ನು ಕಾಪಾಡ್ಲಿಕ್ಕೆ ನೀನು ಹೀಗೆಲ್ಲ ಹೇಳುವುದು ಬೇಡ, ನನಗೆ ಸಿಟ್ಟಿಲ್ಲ, ನಿನ್ನ ಕೆಲಸಕ್ಕೆ ತೊಂದರೆ ಮಾಡ್ಕೊಳ್ಬೇಡ ಅಂತ ಹೇಳಿದ." ಹೇಳಿ ಮುಗಿಸುವಾಗ ಅವಳ ಕಣ್ಣು ತುಂಬಿತ್ತು. ರೂಮಿನ ಕಥೆಗಳಿಗೆಲ್ಲ ನಕ್ಕ ಹುಡುಗಿ ಅವಳು. ನನಗೆ ಅವನ ಮೇಲೆ ಸಿಟ್ಟು ಬಂತು, ಮತ್ತೆ ಆ ಸಿಟ್ಟಿಗೆ ನಿಲ್ಲಲು ಜಾಗ ಸಿಗಲಿಲ್ಲ. ಎಷ್ಟು ಬಾಗಿಲುಗಳನ್ನು ನೋಡಿದ್ದರೆ ಒಬ್ಬ ಮನುಷ್ಯ ಆ ಸಾಲನ್ನು ಹಾಗೆ ಓದುತ್ತಾನೆ?

ಸಿಟ್ಟನ್ನು ಹೊತ್ತುಕೊಂಡು ಸರ್ ಅವರ ಕೋಣೆಗೆ ಹೋದೆ. ಅವರು ಎಲ್ಲ ಕೇಳಿಸಿಕೊಂಡು, ಶಾಂತವಾಗಿ ಸೈಟಿನ ದಾಖಲೆ ತೆರೆದು ಹುಡುಕಿದರು. ಅವನ ಹೆಸರು ಎಲ್ಲೂ ಇರಲಿಲ್ಲ.

"ನೋಡು, ಅವರು ಬಂದೇ ಇಲ್ಲ," ಎಂದರು.

"ತಡೆದವರನ್ನು ಬರೆದಿಡುವುದಿಲ್ಲವಲ್ಲ ಸರ್," ಎಂದೆ. ಅವರ ಹಿಂದೆಯೇ ಬಿಳಿ ಬೋರ್ಡು ಇತ್ತು, ಅಡಿಗೆರೆಯ ಸಮೇತ. ಅವರು ತಿರುಗಿ ಅದನ್ನು ಓದಿದರು. ಹೊಸದಾಗಿ ಓದುವವರಂತೆ ಓದಿದರು. ಆಮೇಲೆ ಕಾರಿನ ಬೀಗದ ಕೈ ತೆಗೆದುಕೊಂಡು, ಇಬ್ಬರೂ ಹೊರಡಿ, ಮಾವನಲ್ಲಿಗೆ ಹೋಗುವ ಎಂದರು. ಸೋದರಮಾವನ ಎದುರು ಒಬ್ಬರೇ ನಿಲ್ಲುವ ಧೈರ್ಯ ಅವರಿಗೆ ಇರಲಿಲ್ಲವೆಂದು ನನ್ನ ಅನುಮಾನ.

ಮಾವನಿಗೆ ಅರ್ಥವಾಗಲು ಸಮಯ ಹಿಡಿಯಿತು. ಅವರಿಗೆ ತಿಳಿಯದೆ ಹೋದದ್ದು ಕಂಪ್ಯೂಟರಿನ ವಿಷಯವಲ್ಲ.

"ಅದು ಅವರಿಗೆ ಕೂತ್ಕೊಳ್ಳಿ ಅಂತ ಹೇಳಲಿಲ್ವಾ?" ಎಂದು ಕೇಳಿದರು.

ಸರ್ ತಲೆ ತಗ್ಗಿಸಿ, ಇಲ್ಲ ಎಂದರು.

"ರಾಹುಕಾಲದಲ್ಲಿ ಬರೆಯಬೇಡ ಅಂದೆ ನಾನು. ಬಂದವರನ್ನು ಕಳಿಸಿಬಿಡು ಅಂದೆನಾ?" ಮಾವನ ದನಿ ಏರಿತು. "ನಲ್ವತ್ತು ವರ್ಷದ ವ್ಯವಹಾರದಲ್ಲಿ ಒಬ್ಬರನ್ನು ನಾನು ಬಾಗಿಲಿನಿಂದ ಕಳಿಸಿದ್ದು ಉಂಟಾ? ನನ್ನ ಹೆಸರಿನಲ್ಲಿ ಇದು ಎಷ್ಟು ಜನರನ್ನು ಕಳಿಸಿದೆ?"

ಎಷ್ಟು ಜನ ಎಂದು ನಮಗೆ ಗೊತ್ತಿರಲಿಲ್ಲ. ಗೊತ್ತಾಗದ ಹಾಗೆ ನಾವು ಕಟ್ಟಿದ್ದೆವು.

ಮಾವ ಫ್ಲಾಸ್ಕು ಮುಚ್ಚಿ, ಅಂಗಿ ಬದಲಾಯಿಸಿಕೊಂಡು, ಗೆಳತಿಯ ಮನೆಗೆ ನಮ್ಮ ಜೊತೆ ಬಂದರು. ಅವಳ ತಾಯಿ ಅವರನ್ನು ಕುರ್ಚಿಯಲ್ಲಿ ಕೂರಿಸಿ ಚಾ ಕೊಟ್ಟರು, ಮನೆಯಲ್ಲೇ ಮಾಡಿದ ತಿಂಡಿ ಕೊಟ್ಟರು. ಆ ಭಾನುವಾರ ಹಾಲ್ ನಿಮ್ಮದೇ ಎಂದು ಮಾವ ಎಷ್ಟು ರೀತಿಯಲ್ಲಿ ಹೇಳಬಹುದೋ ಅಷ್ಟು ರೀತಿಯಲ್ಲಿ ಹೇಳಿದರು. ತಾಯಿ ಎಲ್ಲ ಕೇಳಿ, "ನೀವು ಬಂದದ್ದೇ ದೊಡ್ಡದು. ಆದ್ರೆ ಮಗ ಬೇಡ ಅಂದಿದ್ದಾನೆ, ಅವನ ಮಾತು ಮೀರ್ಲಿಕ್ಕೆ ಆಗುದಿಲ್ಲ," ಎಂದರು. ಸೋದರಮಾವನ ಮಾತು ಮೀರಲಾಗದ ಮನೆಯಿಂದ ಬಂದ ನಮಗೆ ಅದಕ್ಕೆ ಎದುರು ಹೇಳಲು ಏನೂ ಇರಲಿಲ್ಲ. ಮಾವ ಎರಡನೆಯ ಲೋಟ ಚಾವನ್ನೂ ಕುಡಿದು ಎದ್ದರು.

ಸೈಟನ್ನು ಸರ್ ಸರಿಪಡಿಸಿದರು, ಅಂದರೆ ನನ್ನಿಂದ ಮಾಡಿಸಿದರು. 'ಕಾಯಿಸು' ಎಂಬ ಮೂರನೆಯ ಉತ್ತರವನ್ನು ಸೇರಿಸಲು ಫ್ರೇಮ್‌ವರ್ಕನ್ನು ಬುಡದಿಂದ ಬದಲಾಯಿಸಬೇಕಿತ್ತು, ಅಷ್ಟು ಪುರುಸೊತ್ತು ಇಲ್ಲ ಎಂದರು. ಅದರ ಬದಲು ಆ ವಿಷಾದದ ಸಾಲಿನ ಮೇಲೆ ಹಬೆಯಾಡುವ ಒಂದು ಚಾ ಲೋಟದ ಚಿತ್ರ ಹಾಕಿಸಿದರು. ಕೆಳಗೆ, ದಯವಿಟ್ಟು ಸ್ವಲ್ಪ ಹೊತ್ತು ಬಿಟ್ಟು ಬನ್ನಿ ಎಂಬ ಒಕ್ಕಣೆ. ಚಿತ್ರ ಚೆನ್ನಾಗಿತ್ತು. ಹಬೆ ಮೇಲೇರುವುದು ಕೂಡ ಕಾಣುತ್ತಿತ್ತು.

ಮದುವೆಯ ಭಾನುವಾರ ನಾನು ಕಾರ್ಕಳದಿಂದ ಕಾಪುವಿಗೆ ಹೋದೆ. ಬಸ್ಸು ಮಾವನ ಹಾಲ್‌ನ ಎದುರಿನಿಂದಲೇ ಹೋಯಿತು. ಗೇಟಿಗೆ ಬೀಗ ಹಾಕಿತ್ತು. ಎದುರಿನ ಅಂಗಳದಲ್ಲಿ ಒಂದು ದನ ಮಲಗಿತ್ತು. ಆ ದಿನವನ್ನು ಮಾವ ಬೇರೆ ಯಾರಿಗೂ ಕೊಡಲು ಬಿಟ್ಟಿರಲಿಲ್ಲ. ಅವಳ ಅಣ್ಣನ ಮನಸ್ಸು ಕೊನೆಗಳಿಗೆಯಲ್ಲಿ ತಿರುಗೀತು ಎಂದು ಕಾದಿದ್ದರು.

ಗೆಳತಿಯ ಮನೆಯ ಅಂಗಳದಲ್ಲಿ ಶಾಮಿಯಾನ ಬಾವಿಯ ಕಟ್ಟೆಯನ್ನೂ ತಬ್ಬಿಕೊಂಡು ನಿಂತಿತ್ತು. ಜನ ರಸ್ತೆಯ ಬದಿಯವರೆಗೂ ನಿಂತಿದ್ದರು, ಮುದುಕರು ಪಕ್ಕದ ಮನೆಯ ಜಗಲಿಯಲ್ಲಿದ್ದರು. ಅಷ್ಟು ಇಕ್ಕಟ್ಟಿನಲ್ಲೂ ಒಂದು ಮೂಲೆಯನ್ನು ಪರದೆ ಕಟ್ಟಿ ಬೇರೆ ಮಾಡಿದ್ದರು. ಅದು ನಮಗೆ, ಆಫೀಸಿನವರಿಗೆ. ಉಡುಪಿಯಿಂದ ಅಡುಗೆಯವರನ್ನು ಕರೆಸಿ ನಮಗಾಗಿ ಬೇರೆಯೇ ಸಸ್ಯಾಹಾರದ ಅಡುಗೆ ಮಾಡಿಸಿದ್ದರು. ಪಾತ್ರೆ ಬೇರೆ, ಸೌಟು ಬೇರೆ, ಬಾಳೆಲೆ ಬೇರೆ. ನಾನು ಮೀನು ತಿನ್ನುವವಳು, ಹೊರಗೆ ಬಡಿಸುತ್ತಿದ್ದ ಬಿರಿಯಾನಿಯ ಪರಿಮಳ ಮೂಗಿಗೆ ಬರುತ್ತಿತ್ತು. ಆದರೂ ಆ ಏರ್ಪಾಡು ನೋಡಿ ಸರ್ ಅವರ ಪಕ್ಕದ ಎಲೆಗೆ ಕುಳಿತೆ.

ಬಡಿಸಲು ಅಣ್ಣನೇ ಬಂದ. ತಂಗಿಯ ಹಾಗೇ ಮುಖ, ಬಿಳಿ ಅಂಗಿ, ತೋಳು ಮಡಚಿದ್ದ. "ಎಲ್ಲ ನಿಮ್ಮವರೇ ಮಾಡಿದ ಅಡುಗೆ, ಸಂಕೋಚ ಬೇಡ," ಎಂದ. ಸರ್ ಎಲೆಯ ಮೇಲೆ ಬಾಗಿ ಉಪ್ಪಿನಕಾಯಿಯನ್ನು ಬಹಳ ಗಮನದಿಂದ ನೋಡುತ್ತಿದ್ದರು. ನಾನು ತಡೆಯಲಾರದೆ, ಆ ಸೈಟು ಬರೆದದ್ದು ನಾನು ಎಂದೆ. ಬೆಳಿಗ್ಗೆಯಿಂದ ಬಸ್ಸಿನಲ್ಲಿ ಜೋಡಿಸಿಕೊಂಡು ಬಂದದ್ದನ್ನೆಲ್ಲ ಹೇಳಿದೆ. ಮಾವ ಬಂದವರನ್ನು ಕೂರಿಸುವುದು, ಕಾಲ್‌ಬ್ಯಾಕಿಗೆ ಕೂರಿಸಲು ಬಾರದ್ದು, ಶುಕ್ರವಾರದ ಹತ್ತೂವರೆ. ನಿಮ್ಮ ಹೆಸರಿಗೂ ಅದಕ್ಕೂ ಸಂಬಂಧವೇ ಇಲ್ಲ, ದೇವರಾಣೆ, ಯಾರೇ ಬಂದಿದ್ದರೂ ಆ ಹೊತ್ತಿನಲ್ಲಿ ಅದು ಹಾಗೇ ಹೇಳುತ್ತಿತ್ತು ಎಂದೆ.

ಅವನು ಸಾರಿನ ಬಕೆಟ್ಟು ಹಿಡಿದುಕೊಂಡೇ ಪೂರ್ತಿ ಕೇಳಿದ. ನಂಬುತ್ತಿದ್ದಾನೆ ಎಂದು ನನಗೆ ಅನ್ನಿಸಿತು. ಬಹುಶಃ ನಂಬುತ್ತಲೂ ಇದ್ದ.

"ಯಾರೇ ಬಂದಿದ್ರೂ?" ಎಂದು ಕೇಳಿದ.

"ಹೌದು. ಯಾರೇ ಬಂದಿದ್ದರೂ."

"ಹಾಗಾದ್ರೆ ನಿಮಗೂ ಬಂದಿರ್ಬೇಕು ಅಲ್ವಾ, ಆ ಬರಹ?"

ನಾನು ಸರ್ ಅವರ ಕಡೆ ನೋಡಿದೆ. ಅವರು ಎಲೆಯಿಂದ ತಲೆ ಎತ್ತಲಿಲ್ಲ.

"ಇಲ್ಲ," ಎಂದೆ. "ನಮಗೆ ವಿನಾಯಿತಿ ಇತ್ತು."

ಅವನು ನನ್ನ ಅನ್ನದ ಮೇಲೆ ಇನ್ನೊಂದು ಸೌಟು ಸಾರು ಹಾಕಿ, ನಿಧಾನ ಊಟ ಮಾಡಿ ಎಂದು ಹೇಳಿ, ಪಕ್ಕದ ಎಲೆಗೆ ಹೋದ.